ಹಮೀದಮ್ಮ ಗಾಳಿಗೆ ಅಳತೆ ಹೇಳಿದ್ದು

ಮೊದಲೇ ಹೇಳಿಬಿಡುತ್ತೇನೆ, ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ಲಿಫ್ಟ್ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ನಾನು. ಆಫೀಸು ಇಂದಿರಾನಗರದಲ್ಲಿ, ಮನೆ ಹೊರಮಾವಿನಲ್ಲಿ, ದಿನ ಕಳೆಯುವುದು ಅಪಾರ್ಟ್‌ಮೆಂಟುಗಳ ಲಿಫ್ಟ್ ಗುಂಡಿಗಳಲ್ಲಿ. ಎಂಟು ಜನ ಹತ್ತಬೇಕಾದ ಲಿಫ್ಟಿಗೆ ಹನ್ನೊಂದು ಜನ ತುಂಬಿಕೊಂಡು, ಅದು ನಿಂತರೆ ನನ್ನ ಮೇಲೆ ಕೂಗಾಡುವವರ ನಡುವೆ ಹನ್ನೆರಡು ವರ್ಷ ಕಳೆದಿದ್ದೇನೆ. ಭಾರ ಎಷ್ಟು, ಎಳೆತ ಎಷ್ಟು, ಹಗ್ಗ ಎಷ್ಟು ತಡೆಯುತ್ತದೆ ಎಂಬುದೆಲ್ಲ ನನಗೆ ಗೊತ್ತು ಎಂಬ ಜಂಬ ಬೇರೆ. ಅಂಥ ಚನ್ನು ಎಂಬ ನಾನು ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಆಟೋ ಹುಡ್ ಹೊಲಿಯುವ ಹೆಂಗಸಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತ ಕಥೆ ಇದು. ಅವರ ಹೆಸರು ಹಮೀದಾ. ನಾನು ಹಮೀದಮ್ಮ ಅನ್ನುತ್ತೇನೆ.

ನನಗೊಂದು ಹುಚ್ಚಿದೆ, ಕೈಟ್ ಸರ್ಫಿಂಗ್. ಕಾಲಿಗೆ ಹಲಗೆ, ಸೊಂಟಕ್ಕೆ ಅಗಲವಾದ ಬೆಲ್ಟು, ಬೆಲ್ಟಿನಿಂದ ನಾಲ್ಕು ಉದ್ದನೆಯ ದಾರ, ದಾರದ ತುದಿಗೆ ಒಂದು ದೊಡ್ಡ ಬಟ್ಟೆಯ ಗಾಳಿಪಟ. ಗಾಳಿ ಪಟವನ್ನು ಎಳೆಯುತ್ತದೆ, ಪಟ ನಮ್ಮನ್ನು ಎಳೆಯುತ್ತದೆ, ನಾವು ನೀರಿನ ಮೇಲೆ ಜಾರಿಕೊಂಡು ಹೋಗುತ್ತೇವೆ. ಅಷ್ಟೇ. ಒಮ್ಮೆ ತಮಿಳುನಾಡಿನ ಕರಾವಳಿಗೆ ಹೋದಾಗ ಕಲಿತವನು, ಬೆಂಗಳೂರಿಗೆ ಬಂದ ಮೇಲೂ ಬಿಡಲಾಗಲಿಲ್ಲ. ಟಿನ್ ಫ್ಯಾಕ್ಟರಿ ದಾಟಿ ಹೊಸಕೋಟೆ ಕಡೆ ಹೋದರೆ ಒಂದು ಕೆರೆಯಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರವೇ ಅಲ್ಲಿ ಬಿರಿಯಾನಿ ಪೊಟ್ಟಣಗಳು ತೇಲುತ್ತವೆ. ಆಷಾಢ ಬಂತೆಂದರೆ ಆ ಕೆರೆಯ ಮೇಲೆ ಬೀಸುವ ಗಾಳಿಗೆ ನನ್ನ ಎಂಬತ್ತೆಂಟು ಕಿಲೋ ಮೈಯೂ ಹಗುರವಾಗುತ್ತದೆ.

ಈ ಪಟಗಳಿಗೆ ಅಳತೆಯಿದೆ. ಐದು, ಏಳು, ಒಂಬತ್ತು, ಹನ್ನೆರಡು; ಅಷ್ಟು ಚದರ ಮೀಟರ್ ಬಟ್ಟೆ ಎಂದರ್ಥ. ಗಾಳಿ ಜೋರಿದ್ದರೆ ಚಿಕ್ಕ ಪಟ, ಮೆಲ್ಲಗಿದ್ದರೆ ದೊಡ್ಡ ಪಟ. ಆಳು ದಪ್ಪಗಿದ್ದರೆ ದೊಡ್ಡದು, ಸಣ್ಣಗಿದ್ದರೆ ಚಿಕ್ಕದು. ಕೇಳಲು ಎಷ್ಟು ಸುಲಭ ನೋಡಿ! ಆದರೆ ಇದೊಂದರಲ್ಲಿ ಎಡವಿ ಕೈಕಾಲು ಮುರಿದುಕೊಂಡವರನ್ನು ಕಂಡಿದ್ದೇನೆ.

ಮೂರು ವರ್ಷದ ಹಿಂದೆ, ಆಷಾಢದ ಒಂದು ಶನಿವಾರ, ನಾನೂ ಎಡವಿದೆ. ಫೋನಿನಲ್ಲಿ ನೋಡಿದರೆ ಗಾಳಿ ಹದಿನೈದು ನಾಟ್, ಅಂದರೆ ಗಂಟೆಗೆ ಸುಮಾರು ಇಪ್ಪತ್ತೆಂಟು ಕಿಲೋಮೀಟರ್ ಎಂದಿತ್ತು. ನನ್ನ ತೂಕಕ್ಕೆ ಹನ್ನೆರಡರ ಪಟ ಸರಿ ಎಂದು ಪುಸ್ತಕ ಹೇಳುತ್ತದೆ. ಜೊತೆಗಿದ್ದ ಗೆಳೆಯ ಲಕ್ಷ್ಮಿಕಾಂತ, "ಒಂಬತ್ತು ತಗೋ ಮಗಾ, ಯಾಕೋ ಒಂಥರಾ ಇದೆ ಗಾಳಿ" ಎಂದ. ನಾನು ಸೊಪ್ಪು ಹಾಕಲಿಲ್ಲ. ನೀರಿಗಿಳಿದು ಹತ್ತು ನಿಮಿಷವಾಗಿರಲಿಲ್ಲ, ಎಲ್ಲಿತ್ತೋ ಏನೋ, ಒಂದು ಗಾಳಿ ಬಂದು ನನ್ನನ್ನು ಬಾಲ್ ಎತ್ತಿದ ಹಾಗೆ ಎತ್ತಿತು. ದಡಕ್ಕೆ ಬಿದ್ದೆ. ಪಟ ಹೋಗಿ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತು. ಎರಡು ಮಾರು ಉದ್ದ ಹರಿದಿತ್ತು.

ಅದನ್ನು ರಿಪೇರಿ ಮಾಡುವವರು ಈ ಊರಿನಲ್ಲಿ ಇಲ್ಲ. ಗೋವಾಕ್ಕೆ ಕಳಿಸಬೇಕು, ಬರುವ ಹೊತ್ತಿಗೆ ಆಷಾಢವೇ ಮುಗಿದಿರುತ್ತದೆ. ಲಕ್ಷ್ಮಿಕಾಂತನೇ ಹೇಳಿದ್ದು, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಬ್ಬರು ಶಾಮಿಯಾನ, ಆಟೋ ಹುಡ್, ಕೊಡೆ ಎಲ್ಲ ಹೊಲಿಯುತ್ತಾರೆ, ಒಮ್ಮೆ ತೋರಿಸು ಅಂತ. ಕುಂಟುತ್ತಾ ಹೋದೆ.

ಗಲ್ಲಿಯೆಂದರೆ ಎರಡು ಸ್ಕೂಟರ್ ಎದುರುಬದುರು ಬಂದರೆ ಒಂದು ಹಿಂದೆ ಹೋಗಬೇಕು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಹಳೆಯ ಹೊಲಿಗೆ ಯಂತ್ರದ ಮುಂದೆ ಐವತ್ತೈದು ದಾಟಿದ, ಕಡ್ಡಿಯಂಥ ಹೆಂಗಸು. ಪಕ್ಕದಲ್ಲಿ ಇಪ್ಪತ್ತರ ಮಗಳು ನಾಜಿಶ್ ಗುಂಡಿ ಹಚ್ಚುತ್ತಿದ್ದಳು. ನಾನು ಪಟ ಬಿಚ್ಚಿದೆ. ಅಂಗಡಿ ಸಾಲದೆ ಗಲ್ಲಿಯ ಅರ್ಧ ತುಂಬಿತು. ಹಮೀದಮ್ಮ ಎದ್ದು ಬಂದು ಮೊಣಕಾಲೂರಿ ಕೂತು, ಹರಿದ ಉದ್ದಕ್ಕೂ ಅಂಗೈ ಆಡಿಸಿದರು. ಮಗುವಿಗೆ ಜ್ವರ ಇದೆಯೇ ಎಂದು ನೋಡುತ್ತಾರಲ್ಲ, ಹಾಗೆ.

"ಬಾವಾ," ಎಂದರು. ಆ ಗಲ್ಲಿಯಲ್ಲಿ ಯಾವ ಗಂಡಸನ್ನಾದರೂ ಕರೆಯುವುದು ಹಾಗೇ. "ಇದು ಮುಳ್ಳಿಗೆ ಹರ್ದಿದ್ದಲ್ಲ."

"ಮುಳ್ಳಿಗೇ ಅಮ್ಮಾ. ಅಲ್ಲಿದ್ದಿದ್ದು ನಾನು."

"ಮುಳ್ಳು ಆಮೇಲೆ. ಮೊದ್ಲು ಇಲ್ಲಿ ಹೊಲಿಗೆ ಬಾಯ್ ಬಿಟ್ಟಿದೆ, ನೋಡು, ನಡೂ ಮಧ್ಯ. ಗಾಳಿ ಒಂದೇ ಸಲ ಹೊಡ್ದಿದೆ. ಬಿಡ್ಬೇಕಾದಾಗ ನೀನು ಎಳ್ದಿದೀಯ. ಪಟ ದೊಡ್ಡದಾಯ್ತು ನಿಂಗೆ."

ಸಿಟ್ಟು ನೆತ್ತಿಗೇರಿತು. ಕೈಟ್ ಸರ್ಫಿಂಗ್ ಎಂಬ ಶಬ್ದವನ್ನೇ ಕೇಳಿರದ ಹೆಂಗಸು ನನಗೆ ಅಳತೆ ಹೇಳುತ್ತಿದ್ದಾರೆ! ಫೋನು ತೆಗೆದು ಮುಖದ ಮುಂದೆ ಹಿಡಿದೆ. "ನೋಡಿ, ಅವತ್ತು ಗಾಳಿ ಹದಿನೈದು. ಲೆಕ್ಕ ಹಾಕೇ ತಗೊಂಡಿದ್ದು."

"ಇದು ಎಲ್ಲಿ ಗಾಳಿ?"

"ಏರ್‌ಪೋರ್ಟ್ ಹತ್ರದ್ದು."

"ನೀನು ಏರ್‌ಪೋರ್ಟಲ್ಲಿ ಹಾರಿಸ್ತೀಯಾ?"

ನಾಜಿಶ್ ಕಿಸಕ್ಕನೆ ನಕ್ಕಳು. ನಾನು ಬಿಡುವವನೇ? "ಅದು ಸರಾಸರಿ ಅಮ್ಮಾ. ಒಂದ್ ಗಂಟೆ ಗಾಳೀನ ಸೇರ್ಸಿ ತೆಗ್ದಿರೋ ಲೆಕ್ಕ."

"ಹೌ, ಹೌ," ಎಂದು ತಲೆಯಾಡಿಸಿದರು. "ಸರಾಸರಿ ಗಾಳಿ ಬೀಸಿದ್ದು ನೀನು ಯಾವತ್ತಾದ್ರೂ ನೋಡಿದೀಯಾ ಬಾವಾ?"

ಪಟ ಅಲ್ಲೇ ಬಿಟ್ಟು ಬಂದೆ. ಹಲಸೂರು ಕೆರೆಯ ಪಕ್ಕ ಸಿಗ್ನಲ್ಲಿನಲ್ಲಿ ನಿಂತಾಗಲೂ ಆ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು. ಕೆರೆಯ ನೀರು ಒಂದು ಕಡೆ ಕಪ್ಪಾಗಿ ನಡುಗುತ್ತಿತ್ತು, ಇನ್ನೊಂದು ಕಡೆ ಕನ್ನಡಿಯಂತೆ ಸುಮ್ಮನಿತ್ತು. ಅದೇ ಕೆರೆ, ಅದೇ ಕ್ಷಣ. ದಿನಾ ನೋಡುವ ಕೆರೆ, ಅವತ್ತು ಮೊದಲ ಸಲ ನೋಡಿದೆ.

ನಾಲ್ಕು ದಿನ ಬಿಟ್ಟು ಹೋದಾಗ ಪಟ ಸಿದ್ಧವಾಗಿತ್ತು. ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು, ಹಾಗಿತ್ತು ಕೆಲಸ. ಅವರು ಅದನ್ನು ಕೈಗೆ ಕೊಡುವ ಬದಲು, "ಮೇಲೆ ಬಾ" ಎಂದರು. ಕಿರಿದಾದ ಮೆಟ್ಟಿಲು ಹತ್ತಿ ತಾರಸಿಗೆ ಹೋದೆವು. ಸೆರಗಿನ ಗಂಟಿನಿಂದ ಬಣ್ಣದ ತೆಳು ಕಾಗದದ ಮೂರು ಚೂರು ತೆಗೆದರು. ಒಂದನ್ನು ಗಾಳಿಗೆ ಬಿಟ್ಟು ತುಟಿಯಲ್ಲೇ ಎಣಿಸಿದರು. ಚೂರು ತೇಲಿಕೊಂಡು ಹೋಗಿ ಎದುರು ಮನೆಯ ನೀರಿನ ಟ್ಯಾಂಕ್ ದಾಟುವವರೆಗೆ ಎಣಿಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೆಯದು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಮೂರನೆಯದು.

"ಎಂಟು, ಒಂಬತ್ತು, ಐದು. ಇವತ್ತು ಐದರ ಗಾಳಿ. ಮುಕ್ಕಾಲು ತಾವು."

ಅರ್ಥವಾಗಲಿಲ್ಲ ಎಂದೆ. ಆಗ ಹೇಳಿದರು. ಅವರು ಮದುವೆಯಾಗಿ ಬಂದದ್ದು ಕಾಗದದ ಗಾಳಿಪಟ ಮಾಡುವ ಮನೆಗೆ. ಆಷಾಢವೆಂದರೆ ಆ ಮನೆಯ ಸುಗ್ಗಿ. ಅರ್ಧ ತಾವಿನ, ಅಂದರೆ ಅರ್ಧ ಹಾಳೆಯ ಪಟ, ಮುಕ್ಕಾಲು ತಾವಿನದು, ಒಂದು ತಾವಿನದು, ಎರಡು ತಾವಿನದು. ಎಷ್ಟು ಕಾಗದ ಹಿಡಿಯುತ್ತದೋ ಅದೇ ಅದರ ಹೆಸರು. ಬೆಳಿಗ್ಗೆ ಕತ್ತರಿ ಕೈಗೆ ತೆಗೆದುಕೊಳ್ಳುವ ಮುಂಚೆ ಅತ್ತೆ ತಾರಸಿಗೆ ಬಂದು ಮೂರು ಚೂರು ಬಿಡುತ್ತಿದ್ದರಂತೆ. ಮೂರರಲ್ಲಿ ಎಲ್ಲಕ್ಕಿಂತ ಬೇಗ ಟ್ಯಾಂಕ್ ದಾಟಿದ ಚೂರಿನ ಮಾತೇ ಮಾತು. ಅದನ್ನು ನೋಡಿ, ಇವತ್ತು ಇಂಥ ಅಳತೆ ಕತ್ತರಿಸಿ ಎಂದು ಮನೆಯ ಹೆಂಗಸರಿಗೆ ಹೇಳುತ್ತಿದ್ದರು. ಸಂಜೆ ಹುಡುಗರು ಬಂದು ಕೇಳುತ್ತಿದ್ದದ್ದೂ ಅದೇ ಅಳತೆ. ಅತ್ತೆ ಹೋದ ಮೇಲೆ ಆ ಕೆಲಸ ಸೊಸೆಗೆ ಬಂತು. ಈಗ ಕಾಗದದ ಪಟ ಮಾಡುವುದನ್ನು ಬಿಟ್ಟು ಹದಿನಾರು ವರ್ಷವಾಗಿದೆ, ಆದರೆ ಚೂರು ಬಿಡುವುದನ್ನು ಮಾತ್ರ ಬಿಟ್ಟಿಲ್ಲ. ಯಾಕೆ ಎಂದು ಕೇಳಿದೆ.

"ಅಭ್ಯಾಸ ಬಾವಾ. ಗಾಳಿ ಕೇಳ್ದೆ ಚಾ ಇಳಿಯಲ್ಲ."

ನನ್ನ ಕೆಟ್ಟ ಬುದ್ಧಿ ನೋಡಿ, ಪರೀಕ್ಷೆ ಮಾಡಬೇಕೆನಿಸಿತು. ಗಾಳಿಯ ವೇಗ ಅಳೆಯುವ ಕೈ ಮೀಟರ್ ನನ್ನ ಹತ್ತಿರ ಇದೆ. ಹಲಸೂರು, ಫ್ರೇಜರ್ ಟೌನ್ ಕಡೆ ಕೆಲಸ ಬಿದ್ದ ದಿನವೆಲ್ಲ ಏನೋ ನೆಪ ಮಾಡಿಕೊಂಡು ಆ ಅಂಗಡಿಗೆ ಹೋದೆ. ತಾರಸಿಯ ಮೇಲೆ ಅವರು ಚೂರು ಬಿಡುತ್ತಿದ್ದರು, ನಾನು ಅವರಿಗೆ ಕಾಣದ ಹಾಗೆ ಮೀಟರ್ ಹಿಡಿಯುತ್ತಿದ್ದೆ. ಅವರ ಎಣಿಕೆಯನ್ನು ನಾಟಿಗೆ ತಿರುಗಿಸುವ ಲೆಕ್ಕವನ್ನೂ ಕಂಡುಕೊಂಡೆ. ಹದಿನೇಳು ದಿನ ನೋಡಿದೆ. ಹದಿನಾರು ದಿನ ಅವರು ಹೇಳಿದ್ದಕ್ಕೂ ಮೀಟರಿಗೂ ಒಂದು ನಾಟ್ ಕೂಡ ವ್ಯತ್ಯಾಸ ಬರಲಿಲ್ಲ. ಹದಿನೇಳನೆಯ ದಿನ ಮಾತ್ರ ನಾಲ್ಕು ನಾಟ್ ತಪ್ಪಿತು. ಅಬ್ಬಾ, ಸಿಕ್ಕಿಬಿದ್ದರು ಎಂದು ಒಳಗೊಳಗೇ ಕುಣಿದೆ. ಮನೆಗೆ ಬಂದು ನೋಡಿದರೆ ಮೀಟರಿನ ಬ್ಯಾಟರಿ ಸತ್ತಿತ್ತು.

ಅವತ್ತು ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರದ್ದು. ಅದನ್ನು ಈ ಹೆಂಗಸು ತುಟಿಯಲ್ಲಿ ಎಣಿಸಿ ಹಿಡಿಯುತ್ತಾರೆ. ನಾನು ಯಂತ್ರ ಇಟ್ಟುಕೊಂಡು ತಪ್ಪುತ್ತೇನೆ. ಮಾರನೆಯ ದಿನ ಹೋಗಿ ನಡೆದದ್ದೆಲ್ಲ ಒಪ್ಪಿಕೊಂಡೆ. ಹಮೀದಮ್ಮ ಬಿದ್ದು ಬಿದ್ದು ನಕ್ಕರು. "ಗೊತ್ತು ಬಾವಾ. ಅಷ್ಟು ದಪ್ಪ ಆಳು, ಆ ಡಬ್ಬಿ ಹಿಡ್ಕೊಂಡು ಟ್ಯಾಂಕ್ ಹಿಂದೆ ಬಚ್ಚಿಟ್ಕೊಳ್ಳೋದು ಕಾಣಲ್ವಾ ನಂಗೆ?"

ಆ ಮೇಲೆ ಕೆರೆಗೆ ಹೋಗುವ ದಿನ ಅವರಿಗೆ ಫೋನ್ ಮಾಡುವುದು ರೂಢಿಯಾಯಿತು. ಕೆರೆಯ ಗಾಳಿ ಶಿವಾಜಿನಗರದ್ದಲ್ಲ, ಅದಕ್ಕೂ ದಾರಿ ಕಂಡುಕೊಂಡರು. ನಾನು ದಡದಲ್ಲಿ ಒಂದು ಕೋಲು ನೆಟ್ಟು, ಹತ್ತು ಹೆಜ್ಜೆ ಹಿಂದೆ ಬಂದು, ಚೂರು ಬಿಟ್ಟು ವಿಡಿಯೋದಲ್ಲಿ ತೋರಿಸಬೇಕು. ಅವರು ನೋಡಿ, "ಒಂಬತ್ತು ಹಾಕು" ಅಥವಾ "ಇವತ್ತು ನಕ್ಕೋ, ಬೇಡ, ಮನೆಗೆ ಹೋಗು" ಎನ್ನುವರು. ಎರಡು ಆಷಾಢ ಕಳೆದವು. ಒಂದು ದಿನವೂ ತಪ್ಪಲಿಲ್ಲ. ನನ್ನ ಮೈ ಮೇಲೆ ಒಂದು ಗೀರು ಬೀಳಲಿಲ್ಲ.

ಈ ನಡುವೆ ನಾಜಿಶ್ ಕಲಿತುಬಿಟ್ಟಿದ್ದಳು. ತಾನು ಹಾಕಿದ ಹೊಲಿಗೆ ನೀರಿನಲ್ಲಿ ಹೇಗೆ ತಡೆಯುತ್ತದೆ ನೋಡಬೇಕೆಂದು ಒಮ್ಮೆ ಬಂದವಳು, ಇನ್ನೊಮ್ಮೆ ಬಂದಳು, ಮೂರನೆಯ ಸಲ ಬೆಲ್ಟು ಕಟ್ಟಿಕೊಂಡೇ ನಿಂತಳು. ನಾನು ಆರು ತಿಂಗಳು ಒದ್ದಾಡಿ ಕಲಿತದ್ದನ್ನು ಅವಳು ಆರು ವಾರದಲ್ಲಿ ಕಲಿತಳು. ನಲವತ್ತೆಂಟು ಕಿಲೋ ಹುಡುಗಿ. ನೀರಿನ ಮೇಲೆ ಹೋದರೆ ನೀರಿಗೇ ಗೊತ್ತಾಗಬಾರದು, ಹಾಗೆ ಹೋಗುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿತ್ತು ಎಂದರೂ ತಪ್ಪಲ್ಲ. ತಾಯಿಗೆ ವಿಷಯ ಗೊತ್ತಿತ್ತು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ, ಒಮ್ಮೆಯೂ ನೋಡಲು ಬರಲಿಲ್ಲ. ಅವಳು ನೀರಿಗಿಳಿಯುವ ದಿನ ಅಳತೆ ಕೇಳಲು ಫೋನ್ ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಅವಳಿಗೆ ಪಟ ಆರಿಸುತ್ತಿದ್ದವನು ನಾನೇ, ನನ್ನ ಮೀಟರಿನಿಂದ.

ಹೋದ ಜೂನಿನಲ್ಲಿ ನಾಜಿಶಳಿಗೆ ತಮಿಳುನಾಡಿನ ಕರಾವಳಿಯ ಒಂದು ಶಾಲೆಯಿಂದ ಕರೆ ಬಂತು. ಮೂರು ತಿಂಗಳ ತರಬೇತಿ, ಆಮೇಲೆ ಅಲ್ಲೇ ಕಲಿಸುವ ಕೆಲಸ. ಅವಳ ಮುಖ ನೋಡಬೇಕಿತ್ತು ಅವತ್ತು. ಆದರೆ ತಾಯಿ ಒಪ್ಪದೆ ಹೋಗುವವಳಲ್ಲ. ನನ್ನನ್ನು ಹಿಡಿದುಕೊಂಡಳು: "ಚನ್ನು ಅಣ್ಣಾ, ನೀವ್ ಒಂದ್ ಮಾತ್ ಹೇಳಿ. ನಿಮ್ ಮಾತ್ ಕೇಳ್ತಾರೆ ಅಮ್ಮೀ."

ಹೋಗಿ ಹೇಳಿದೆ. ಹಮೀದಮ್ಮ ಯಂತ್ರ ನಿಲ್ಲಿಸಿದರು. "ಇವಳ ಅಪ್ಪ ಹೆಂಗೆ ಹೋದ್ರು ಗೊತ್ತಾ ನಿಂಗೆ?" ಎಂದರು. ನನಗೆ ಗೊತ್ತಿರಲಿಲ್ಲ. ನಾಜಿಶ್ ಎಂದೂ ಹೇಳಿರಲಿಲ್ಲ.

ಅವರ ಗಂಡ ಹಾಶಿಮ್ ಆ ಓಣಿಗೆಲ್ಲ ದೊಡ್ಡ ಪತಂಗಬಾಜ್, ಗಾಳಿಪಟದ ಪಂಟ. ಎದುರು ತಾರಸಿಯವರ ದಾರ ಕತ್ತರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆ ತಾರಸಿಗಳ ಮೇಲೆ ಒಂದು ಮರ್ಯಾದೆಯ ಪ್ರಶ್ನೆಯಿತ್ತು: ಗಾಳಿ ಎಷ್ಟೇ ಇರಲಿ, ಗಂಡಸು ಅರ್ಧ ತಾವಿನ ಪಟ ಹಿಡಿಯುವಂತಿಲ್ಲ. ಅದು ಮಕ್ಕಳದ್ದು. ಹಿಡಿದರೆ ಸುತ್ತಲಿನ ತಾರಸಿಯವರೆಲ್ಲ ಸಿಳ್ಳೆ ಹೊಡೆಯುತ್ತಾರೆ. ಆ ಆಷಾಢದ ದಿನ ಬೆಳಿಗ್ಗೆ ಚೂರು ಬಿಟ್ಟು ಹಮೀದಮ್ಮ ಅರ್ಧ ತಾವು ಎಂದಿದ್ದರು. ಸಂಜೆ ಹಾಶಿಮ್ ಎರಡು ತಾವಿನ ಪಟ ಕೇಳಿದ. ಬೇಡ ಎಂದು ನಾಲ್ಕು ಸಲ ಹೇಳಿ, ಐದನೆಯ ಸಲ ಕಟ್ಟಿಕೊಟ್ಟರು. ಗಾಳಿ ಹೊಡೆದಾಗ ಹಾಶಿಮ್ ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆದು ನಿಂತಿದ್ದ. ದಾರ ತುಂಡಾಯಿತು. ಬೆನ್ನ ಹಿಂದೆ ಮೊಣಕಾಲೆತ್ತರದ ಗೋಡೆ. ನಾಜಿಶಳಿಗೆ ಆಗ ನಾಲ್ಕು ವರ್ಷ.

"ಗಾಳಿ ಹೇಳಿತ್ತು ನಂಗೆ. ನಾನೇ ಕಟ್ಕೊಟ್ಟೆ," ಎಂದರು. ಅಳಲಿಲ್ಲ. ಆಮೇಲೆ ಅವರೇ ಒಂದು ಮಾತಿಗೆ ಬಂದರು. "ಒಂದ್ ದಿನ ಬರ್ತೀನಿ ಕೆರೆಗೆ. ಅವಳು ಹೆಂಗ್ ಹೋಗ್ತಾಳೆ ಅಂತ ನನ್ ಕಣ್ಣಾರೆ ನೋಡ್ತೀನಿ. ಸರಿ ಅನ್ಸಿದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಈ ವಿಷಯ ಮನೇಲಿ ಯಾರೂ ಎತ್ತಬಾರ್ದು."

ನಾಜಿಶ್ ಒಪ್ಪಿದಳು. ಎಲ್ಲವೂ ಆ ಒಂದು ದಿನದ ಮೇಲೆ ನಿಂತಿತು.

ಭಾನುವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಹೊರಟೆವು. ಟಿನ್ ಫ್ಯಾಕ್ಟರಿ ಹತ್ತಿರ ಎಂದಿನಂತೆ ಗಾಡಿಗಳು ನಿಂತಿದ್ದವು. ಹಮೀದಮ್ಮ ಕಿಟಕಿ ಇಳಿಸಿ ಮೇಲ್ಸೇತುವೆಗೆ ಕಟ್ಟಿದ್ದ ಫ್ಲೆಕ್ಸು, ಬಸ್ಸು ಎಬ್ಬಿಸಿದ ಧೂಳು, ಟೀ ಅಂಗಡಿಯ ಹಬೆ, ಎಲ್ಲವನ್ನೂ ನೋಡುತ್ತಿದ್ದರು. ಹಿಂದೆ ಕೂತಿದ್ದ ನಾಜಿಶ್ ಉಗುರು ಕಚ್ಚುತ್ತಿದ್ದಳು.

ಕೆರೆ ತುಂಬಿತ್ತು. ಹಮೀದಮ್ಮ ದಡದಲ್ಲಿ ನಿಂತು, "ಯಾ ಅಲ್ಲಾ, ಇಷ್ಟ್ ದೊಡ್ಡದಾ" ಎಂದರು. ನೀರಿನ ಮೇಲೆ ಗಾಳಿ ಓಡಾಡುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಕಪ್ಪು ತೇಪೆಗಳು ಆಚೆ ದಡದಿಂದ ಹೊರಟು, ಅಗಲವಾಗುತ್ತಾ, ನಮ್ಮ ಕಡೆ ಬರುತ್ತವೆ. ತಾರಸಿಯ ಮೇಲೆ ಇಷ್ಟು ವರ್ಷ ಎಣಿಸಿದ್ದನ್ನು ಅವರು ಮೊದಲ ಸಲ ಕಣ್ಣಿಂದ ನೋಡುತ್ತಿದ್ದರು. ಬಾಯಿ ತೆರೆದೇ ಇತ್ತು. ಆ ಮುಖ ನೋಡಿ ನನ್ನ ಕಣ್ಣು ಒದ್ದೆಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಐದು, ಏಳು, ಒಂಬತ್ತು ಮೂರೂ ಪಟಗಳನ್ನು ಹುಲ್ಲಿನ ಮೇಲೆ ಹರಡಿದೆ. ಅವರು ಮೂರು ಚೂರು ಬಿಟ್ಟರು. ಎಣಿಸಿದರು. ಕೊನೆಯ ಚೂರು ಕೋಲು ದಾಟಿ ಹೋದ ಮೇಲೂ ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತರು.

"ಐದು," ಎಂದರು.

ನನ್ನ ಜೇಬಿನಲ್ಲಿ ಮೀಟರ್ ಇತ್ತು. ಆಗಲೇ ನೋಡಿಕೊಂಡಿದ್ದೆ. ಹದಿನಾಲ್ಕು ನಾಟ್, ಜೋರಾದಾಗ ಹದಿನಾರು. ನಾಜಿಶಳ ತೂಕಕ್ಕೆ ಒಂಬತ್ತು. ಐದೆಂದರೆ ಬಿರುಗಾಳಿಯ ಪಟ. ನಾಜಿಶ್ ನನ್ನ ಮುಖ ನೋಡಿದಳು. ನಾನು ಏನು ಮಾಡಿದೆ ಗೊತ್ತೇ? ಬುದ್ಧಿ ಹೇಳಿದವರ ಮೇಲೆಲ್ಲ ಹಾರಾಡುವ ಈ ಚನ್ನು, ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪದ ಹೆಂಗಸು ಹೇಳಿದ್ದಾರೆ, ನಮಗೆ ಕಾಣದ ಗಾಳಿ ಏನೋ ಬರುತ್ತಿರಬೇಕು ಎಂದುಕೊಂಡು, ಮೀಟರನ್ನು ಮುಟ್ಟದೆ ತಲೆಯಾಡಿಸಿದೆ. "ಅಮ್ಮ ಹೇಳಿದ್ರೆ ಹೇಳಿದ ಹಾಗೆ. ಐದೇ ಹಾಕ್ಕೋ."

ಅವಳು ಇಳಿದಳು. ಪಟ ಎದ್ದಿತು, ಆದರೆ ಎಳೆಯಲಿಲ್ಲ. ಹಲಗೆಯ ಮೇಲೆ ನಿಲ್ಲಲು ನಾಲ್ಕು ಸಲ ನೋಡಿದಳು, ನಾಲ್ಕು ಸಲವೂ ಮುಳುಗಿದಳು. ಪಟ ಅಡ್ಡಕ್ಕೆ ಎಳೆದಷ್ಟು ಎಳೆಸಿಕೊಂಡು, ಉಳಿದದ್ದು ಈಜಿ ಕೆರೆಯ ನಡುವಿಗೆ ಹೋದಳು. ಅಲ್ಲಿ ಒಂದು ಗಳಿಗೆ ಗಾಳಿ ತಣ್ಣಗಾಯಿತು. ಎಲೆ ಉದುರಿದ ಹಾಗೆ ಪಟ ನೀರಿಗೆ ಬಿತ್ತು, ಮತ್ತೆ ಏಳಲಿಲ್ಲ. ಗಾಳಿ ಮರಳಿ ಬಂದಾಗ ಅವಳನ್ನೂ ಪಟವನ್ನೂ ಸೇರಿಸಿ ಪಕ್ಕದ ಜೊಂಡಿನ ಕಡೆ ತಳ್ಳತೊಡಗಿತು. ಜೊಂಡಿಗೆ ಸಿಕ್ಕ ದಾರ ಕಾಲಿಗೆ ಸುತ್ತಿಕೊಂಡರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ದಡದ ಮೇಲೆ ಓಡಿ, ಜೊಂಡಿನ ಬದಿಯಲ್ಲಿ ಎದೆಮಟ್ಟದ ನೀರಿಗೆ ಇಳಿದೆ. ಅಷ್ಟು ಹೊತ್ತಿಗೆ ಅವಳು ಜೊಂಡಿನ ಒಳಗೆ ಸೇರಿದ್ದಳು. ತಲೆ ಮಾತ್ರ ಕಾಣುತ್ತಿತ್ತು. ಒಂದು ದಾರ ಎಡಗಾಲಿಗೆ ಎರಡು ಸುತ್ತು ಬಿದ್ದಿತ್ತು. ನನ್ನ ಬೆಲ್ಟಿನ ಚಾಕುವಿನಿಂದ ಕೊಯ್ದೆ. ಮೊದಲ ಸಲ ಕೈ ಜಾರಿತು, ಎರಡನೆಯ ಸಲ ದಾರ ತುಂಡಾಯಿತು. ಇಬ್ಬರೂ ಕೆಸರು ತುಳಿಯುತ್ತಾ, ಒಬ್ಬರನ್ನೊಬ್ಬರು ಹಿಡಿದುಕೊಂಡು ದಡಕ್ಕೆ ಬಂದೆವು.

ಹಮೀದಮ್ಮ ಚಪ್ಪಲಿ ಸಮೇತ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಮಗಳ ಕೆನ್ನೆ, ತೋಳು, ಕಾಲು, ಎಲ್ಲ ಮುಟ್ಟಿ ನೋಡಿದರು. ಕಾಲಿನ ಮೇಲೆ ದಾರದ ಕೆಂಪು ಗುರುತು ಕಂಡದ್ದೇ ಅಲ್ಲೇ ಕುಸಿದು ಕೂತರು.

ನನ್ನ ಸಿಟ್ಟು ತಡೆಯಲಿಲ್ಲ. ಭಯವೇ ಸಿಟ್ಟಾಗಿ ಬಂತು ಎನ್ನಿ. "ಏನಮ್ಮಾ ಇದು! ಎರಡ್ ವರ್ಷ ತಪ್ಪದೇ ಇರೋರು, ಇವತ್ತೇ ತಪ್ಪಬೇಕಾ?"

"ತಪ್ಪಿಲ್ಲ ಬಾವಾ," ಎಂದರು ಹಮೀದಮ್ಮ. ದನಿ ಕೇಳಿಸುತ್ತಲೇ ಇರಲಿಲ್ಲ. "ಗಾಳಿ ಒಂಬತ್ತು ಅಂದಿತ್ತು. ನಂಗೆ ಸರಿಯಾಗೇ ಕೇಳಿಸ್ತು. ಐದು ಅಂದಿದ್ದು ನಾನು. ಈ ಹೊಟ್ಟೆ ಅಂತು." ಎಂದು ಹೊಟ್ಟೆಗೆ ಹೊಡೆದುಕೊಂಡರು. "ಚಿಕ್ಕದಾದ್ರೆ ಜೋಪಾನ ಅಂದ್ಕೊಂಡೆ. ನಲವತ್ ವರ್ಷದಲ್ಲಿ ಗಾಳಿ ಮೇಲೆ ಸುಳ್ಳು ಹೇಳ್ದೋಳಲ್ಲ. ಇವತ್ತು ಹೇಳ್ದೆ."

ತಪ್ಪು ಅವರೊಬ್ಬರದ್ದೇ? ಜೇಬಿನಲ್ಲಿ ಮೀಟರ್ ಇಟ್ಟುಕೊಂಡು ಹೂಂ ಅಂದವನು ನಾನು. ಅದನ್ನೂ ಹೇಳಿಬಿಟ್ಟೆ. ನಾಜಿಶ್ ಟವೆಲ್ ಸುತ್ತಿಕೊಂಡು ನಡುಗುತ್ತಾ ಕೂತಿದ್ದಳು. ಎಲ್ಲ ಮುಗಿಯಿತು, ಇನ್ನು ಪಟ ಮಡಚಿ ಮನೆಗೆ ಹೊರಡುವುದು ಎಂದುಕೊಂಡೆ.

ಅರ್ಧ ಗಂಟೆ ಕಳೆದಿರಬೇಕು. ನಾಜಿಶ್ ಎದ್ದು ತಾಯಿಯ ಎದುರು ಬಂದು ಕೂತಳು. "ಅಮ್ಮೀ, ಈಗ ಹೇಳು. ಗಾಳಿ ಎಷ್ಟಿದೆ?"

"ಮನೆಗ್ ಹೋಗೋಣ ಬೇಟಾ."

"ಹೋಗೋಣ. ಅದಕ್ಕೆ ಮುಂಚೆ ಹೇಳು. ಸುಳ್ಳು ಬೇಡ. ಎಷ್ಟಿದೆ?"

ಹಮೀದಮ್ಮ ಮಗಳನ್ನೇ ನೋಡಿದರು. ಆಮೇಲೆ ಎದ್ದು, ಒದ್ದೆ ಸೆರಗಿನ ಗಂಟು ಬಿಚ್ಚಿದರು. ಒಳಗಿದ್ದ ಕಾಗದವೆಲ್ಲ ನೆನೆದು ಮುದ್ದೆಯಾಗಿತ್ತು. ಅದನ್ನು ಬಿಸಾಡಿ ಸುಮ್ಮನೆ ಗಾಳಿಗೆ ಮುಖ ಕೊಟ್ಟು ನಿಂತರು. ಕಣ್ಣು ಮುಚ್ಚಿದ್ದರು. ತುಟಿ ಆಡುತ್ತಿತ್ತು. ಆಚೆ ದಡದಿಂದ ಒಂದು ಕಪ್ಪು ತೇಪೆ ಹೊರಟಿದ್ದು ನನಗೆ ಕಂಡಿತು. ಅದು ಕೆರೆಯ ನಡುವಿಗೆ ಬರುವ ಮೊದಲೇ, ಕಣ್ಣು ಮುಚ್ಚಿದ ಆ ಹೆಂಗಸು ತಲೆಯನ್ನು ಅದರ ಕಡೆಗೇ ತಿರುಗಿಸಿದರು. ಅದು ಹೇಗೆ ತಿಳಿಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ಒಂಬತ್ತು," ಎಂದರು. "ಇನ್ನ ಒಂದ್ ಗಂಟೆ ಹಿಂಗೇ ಇರತ್ತೆ."

ಮೀಟರ್ ತೆಗೆದೆ. ಹದಿನಾಲ್ಕು, ಹದಿನೈದು, ಹದಿನಾಲ್ಕು. "ಒಂಬತ್ತೇ," ಎಂದೆ. ಈ ಸಲ ಜೋರಾಗಿಯೇ ಹೇಳಿದೆ.

ಪಟ ಏರಿಸಲು ಇಬ್ಬರು ಬೇಕು. ಒಬ್ಬರು ದೂರದಲ್ಲಿ ಪಟದ ಅಂಚು ಹಿಡಿದು ನಿಲ್ಲಬೇಕು. ಸವಾರ ಹೆಬ್ಬೆರಳು ಎತ್ತಿ ತೋರಿಸಿದಾಗ ಕೈ ಬಿಡಬೇಕು. ಆ ಕೆಲಸ ಯಾವಾಗಲೂ ನನ್ನದು. ಹಮೀದಮ್ಮ ನನ್ನನ್ನು ಸರಿಸಿದರು. ಹೇಗೆ ಹಿಡಿಯಬೇಕು, ಯಾವ ಕಡೆ ನಿಲ್ಲಬೇಕು, ಎರಡೇ ಮಾತಿನಲ್ಲಿ ಕೇಳಿ ತಿಳಿದುಕೊಂಡರು. ಒಂಬತ್ತು ಮೀಟರಿನ ಪಟದ ಪಕ್ಕ ಅವರು ಬೊಂಬೆಯಷ್ಟು ಕಾಣುತ್ತಿದ್ದರು. ಪಟ ಗಾಳಿ ತುಂಬಿ ಅವರ ಕೈಯಲ್ಲಿ ಒದೆಯುತ್ತಿತ್ತು.

ಇಪ್ಪತ್ತು ಮೀಟರ್ ಆಚೆ, ದಾರಗಳ ಇನ್ನೊಂದು ತುದಿಯಲ್ಲಿ, ನಾಜಿಶ್ ಹೆಬ್ಬೆರಳು ಎತ್ತಿದಳು.

ಹಮೀದಮ್ಮ ಬಿಡಲಿಲ್ಲ. ನಾಜಿಶ್ ಕೈ ಇಳಿಸಲಿಲ್ಲ. ಒಂದು ಗಾಳಿ ಬಂದು ಹೋಯಿತು. ಇನ್ನೊಂದು ಬಂತು. ಅವರ ಗೆಣ್ಣುಗಳು ಬೆಳ್ಳಗಾಗಿದ್ದವು. ಮೂರನೆಯದು ಬಂದಾಗ ಹಮೀದಮ್ಮ "ಬಿಸ್ಮಿಲ್ಲಾ" ಎಂದು ಎರಡೂ ಕೈ ಬಿಟ್ಟರು.

ಪಟ ಭರ್ರನೆ ಮೇಲೇರಿತು. ನಾಜಿಶ್ ಎರಡು ಹೆಜ್ಜೆ ನೀರಿಗೆ ನಡೆದು, ಹಲಗೆಯ ಮೇಲೆ ಎದ್ದು ನಿಂತು, ಹೊರಟೇಹೋದಳು. ಎಷ್ಟೋ ಸಲ ನೋಡಿದ್ದೆ ಅವಳನ್ನು. ಅವತ್ತು ನೋಡಿದ ಹಾಗೆ ಎಂದೂ ನೋಡಿರಲಿಲ್ಲ. ಕಪ್ಪು ತೇಪೆ ಬಂದಾಗ ಮೈ ಬಾಗಿಸಿ ಅದರ ಮೇಲೆ ಹತ್ತಿದಳು, ಅದು ಮುಗಿದಾಗ ಮೆಲ್ಲಗೆ ಇಳಿದಳು. ಆಚೆ ದಡ ಮುಟ್ಟಿ ತಿರುಗಿ ಬಂದಳು. ಮತ್ತೆ ಹೋದಳು. ಅಯ್ಯೋ ಶಿವನೇ, ಇಷ್ಟು ದೊಡ್ಡ ಗಾಳಿ, ಅದನ್ನು ಇಷ್ಟು ಸಣ್ಣ ಹುಡುಗಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಾಳೆ! ಹಮೀದಮ್ಮನ ಕೈಗಳು ಪಟ ಬಿಟ್ಟಾಗ ಇದ್ದಲ್ಲೇ, ಗಾಳಿಯಲ್ಲೇ ಇದ್ದವು. ಇಳಿಸಲು ಮರೆತಿದ್ದರು.

ನಲವತ್ತು ನಿಮಿಷದ ಮೇಲೆ ಮಗಳು ದಡಕ್ಕೆ ಬಂದಳು. ತಾಯಿ ತಮ್ಮ ಸೆರಗಿನಿಂದಲೇ ಅವಳ ತಲೆ ಒರೆಸಿದರು. ನಾಜಿಶ್ ಕೇಳುವುದಕ್ಕೇ ಹೆದರುತ್ತಿದ್ದಳು. ಕೊನೆಗೆ, "ಅಮ್ಮೀ, ಹೋಗ್ಲಾ?" ಎಂದಳು.

"ಹೋಗು," ಎಂದರು ಹಮೀದಮ್ಮ. ತಲೆ ಒರೆಸುವುದನ್ನು ನಿಲ್ಲಿಸಲಿಲ್ಲ. "ದಿನಾ ಬೆಳಿಗ್ಗೆ ಫೋನ್ ಮಾಡು. ಊಟ ಆಯ್ತಾ ಅಂತ ಕೇಳ್ತೀನಿ, ನಿದ್ದೆ ಬಂತಾ ಅಂತ ಕೇಳ್ತೀನಿ. ಆದ್ರೆ ಎಷ್ಟರ ಪಟ ಹಾಕ್ಲಿ ಅಂತ ಮಾತ್ರ ನನ್ನ ಕೇಳ್ಬೇಡ ಬೇಟಾ. ನೀನು ಯಾವಾಗ್ ಕೇಳಿದ್ರೂ ನಾನು ಐದೇ ಅಂತೀನಿ."